ಹಕ್ಕಿಯ ಕಣ್ಣು ಕ್ಯಾಮೆರಾ ನೋಡಲಿ, ಕೊಂಬೆ ನೀವು ನೋಡಿ

ದ್ರೋಣರು ಕೇಳಿದಾಗ ಅರ್ಜುನನಿಗೆ ಹಕ್ಕಿಯ ಕಣ್ಣು ಬಿಟ್ಟು ಬೇರೇನೂ ಕಾಣಲಿಲ್ಲವಂತೆ. ಇವತ್ತಿನ ದುಬಾರಿ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಥೇಟ್ ಆ ಅರ್ಜುನನೇ. ಎಲೆಗಳ ಸಂದಿಯಲ್ಲಿ ಸಾಸಿವೆಕಾಳಿನಷ್ಟು ಕಣ್ಣು ಇಣುಕಿದರೂ ಸಾಕು, ಅದರ ಮೇಲೊಂದು ಚೌಕ ಕೂರಿಸಿಕೊಂಡು ಬೆನ್ನು ಬೀಳುತ್ತದೆ. ಹಾಗಾದರೆ ಕ್ಯಾಮೆರಾ ಹಿಡಿದವರಿಗೆ ಉಳಿದ ಕೆಲಸವೇನು? ಮರ ಕಾಣುತ್ತಿದೆ, ಕೊಂಬೆ ಕಾಣುತ್ತಿದೆ, ಆಕಾಶ ಕಾಣುತ್ತಿದೆ ಎಂದು ಹೇಳಿ ದ್ರೋಣರಿಂದ ಪಕ್ಕಕ್ಕೆ ಸರಿಸಿಕೊಂಡರಲ್ಲ, ಆ ಮಿಕ್ಕ ಶಿಷ್ಯರ ಕೆಲಸ. ಬೆಳಕು ಎಲ್ಲಿಂದ ಬೀಳುತ್ತಿದೆ, ಹಕ್ಕಿಯ ಹಿಂದೆ ಏನಿದೆ, ಅದು ಯಾವ ಕಡೆ ಹಾರೀತು ಎಂಬುದನ್ನು ಯಾವ ಫರ್ಮ್‌ವೇರೂ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ನೋಡಿಕೊಳ್ಳುವುದಿಲ್ಲ.

ಕ್ಯಾಮೆರಾ ಕೊಂಡಾಗಿದೆ, ಮೆನು ತೆರೆದರೆ ತಲೆ ತಿರುಗುತ್ತಿದೆ, ಫೋಟೊ ಮಾತ್ರ ಹಳೆಯ ಕ್ಯಾಮೆರಾದ್ದಕ್ಕಿಂತ ಹೆಚ್ಚೇನೂ ಬದಲಾಗಿಲ್ಲ ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮಾಡುವ ಕ್ರಮದಲ್ಲೇ ಹೇಳುತ್ತಾ ಹೋಗುತ್ತೇನೆ.

1. ನಿಮ್ಮ ಸೆನ್ಸರ್ ಎಷ್ಟು ಬೇಗ ಓದುತ್ತದೆ, ತಿಳಿದುಕೊಳ್ಳಿ

ಮೆಗಾಪಿಕ್ಸೆಲ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಹಕ್ಕಿ ತೆಗೆಯುವವರು ಮೊದಲು ಕೇಳಬೇಕಾದ್ದು ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಒಂದು ಚಿತ್ರವನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಮುಗಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಮೆಕ್ಯಾನಿಕಲ್ ಶಟರಿನಂತೆ ಪರದೆ ಸರಿಯುವುದಿಲ್ಲ. ಸೆನ್ಸರ್ ತನ್ನ ಸಾಲುಗಳನ್ನು ಒಂದಾದ ಮೇಲೊಂದು ಓದುತ್ತದೆ. ಸಾಧಾರಣ ಸೆನ್ಸರ್ ಹಾಗೆ ಓದಿ ಮುಗಿಸಲು ಸೆಕೆಂಡಿನ 60ನೇ ಒಂದು ಭಾಗ ಹಿಡಿಯಿತು ಎನ್ನಿ. ಸೆಕೆಂಡಿಗೆ 12 ಸಲ ರೆಕ್ಕೆ ಬಡಿಯುವ ಹಕ್ಕಿ ಅಷ್ಟು ಹೊತ್ತಿಗೆ ಒಂದು ಬಡಿತದ ಐದನೇ ಒಂದು ಭಾಗ ಮುಗಿಸಿರುತ್ತದೆ. ಅಂದರೆ ಚಿತ್ರದ ಮೇಲ್ಭಾಗ ಒಂದು ಕ್ಷಣದ್ದು, ಕೆಳಭಾಗ ಇನ್ನೊಂದು ಕ್ಷಣದ್ದು. ರೆಕ್ಕೆ ರಬ್ಬರಿನಂತೆ ಬಾಗಿರುತ್ತದೆ.

ನಾನು ಇದನ್ನು ಕಲಿತದ್ದು ಕಳ್ಳಿಪೀರಗಳಿಂದ. ತಂತಿಯಿಂದ ಎದ್ದು ಹುಳ ಹಿಡಿದು ಮರಳುವ ಹಕ್ಕಿಯನ್ನು ಒಂದಿಡೀ ಬೆಳಗ್ಗೆ ತೆಗೆದೆ. ಶಟರ್ ಸ್ಪೀಡ್ (ಒಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತು) ಸೆಕೆಂಡಿನ 1/4000 ಇಟ್ಟಿದ್ದೆನಲ್ಲ ಎಂಬ ಧೈರ್ಯ ಬೇರೆ. ಮನೆಗೆ ಬಂದು ನೋಡಿದರೆ ಎಲ್ಲ ಶಾರ್ಪ್, ಎಲ್ಲ ಸೊಟ್ಟ. ಶಟರ್ ಸ್ಪೀಡ್ ಹೆಚ್ಚಿಸಿದರೆ ಚಲನೆಯ ಮಸುಕು ಹೋಗುತ್ತದೆಯೇ ಹೊರತು ಈ ಸೊಟ್ಟ ಹೋಗುವುದಿಲ್ಲ.

ಮೇಲ್ದರ್ಜೆಯ ಕ್ಯಾಮೆರಾಗೆ ಕೊಡುವ ಹಣದ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. 2021ರಲ್ಲಿ ಬಂದ ಸೋನಿ ಎ1, ಕ್ಯಾನನ್ ಆರ್3, ನಿಕಾನ್ ಝಡ್9 ಮೂರರಲ್ಲೂ ಸ್ಟ್ಯಾಕ್ಡ್ ಸೆನ್ಸರ್ ಇದೆ. ಸೆನ್ಸರಿನ ಬೆನ್ನಿಗೇ ಮೆಮೊರಿ ಅಂಟಿಸಿರುವುದರಿಂದ ಓದುವ ವೇಗ ಎಷ್ಟೋ ಪಟ್ಟು ಹೆಚ್ಚು. ಝಡ್9ರಲ್ಲಂತೂ ಮೆಕ್ಯಾನಿಕಲ್ ಶಟರನ್ನೇ ಕೈಬಿಟ್ಟರು. 2023ರಲ್ಲಿ ಪ್ರಕಟವಾದ ಸೋನಿ ಎ9 ಮಾರ್ಕ್ 3 ಇನ್ನೂ ಮುಂದೆ ಹೋಗಿ ಎಲ್ಲ ಪಿಕ್ಸೆಲ್‌ಗಳನ್ನೂ ಏಕಕಾಲಕ್ಕೆ ಓದುವ ಗ್ಲೋಬಲ್ ಶಟರ್ ತಂದಿತು. ಅದರಲ್ಲಿ ರೆಕ್ಕೆ ಬಾಗುವ ಪ್ರಶ್ನೆಯೇ ಇಲ್ಲ. ಬದಲಿಗೆ ಅದರ ಮೂಲ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಂಕಿ) 250ರಿಂದ ಶುರುವಾಗುತ್ತದೆ.

ನಿಮ್ಮದು ಸ್ಟ್ಯಾಕ್ಡ್ ಸೆನ್ಸರ್ ಆಗಿದ್ದರೆ ಎಲೆಕ್ಟ್ರಾನಿಕ್ ಶಟರ್ ಹಾಕಿ ಮರೆತುಬಿಡಿ. ಅಲ್ಲದಿದ್ದರೆ ಕೂತ ಹಕ್ಕಿಗೆ ಎಲೆಕ್ಟ್ರಾನಿಕ್, ಹಾರುವ ಹಕ್ಕಿಗೆ ಮೆಕ್ಯಾನಿಕಲ್. ಸದ್ದು ಬಂದರೆ ಬರಲಿ.

2. ಮನೆಯಲ್ಲೇ ಕೂತು ಮುಗಿಸುವ ಸೆಟ್ಟಿಂಗ್

ಕಾಡಿನಲ್ಲಿ ಮೆನು ತೆರೆಯುವ ಪರಿಸ್ಥಿತಿ ಬರಬಾರದು. ಹೊರಡುವ ಹಿಂದಿನ ಸಂಜೆ ಇಷ್ಟು ಮಾಡಿಡಿ: ಫೋಕಸ್ ಮೋಡ್ ಸದಾ ಕಂಟಿನ್ಯುಯಸ್ (ಹಕ್ಕಿ ಅಲುಗಿದಂತೆ ಫೋಕಸ್ ಬದಲಾಗುತ್ತಲೇ ಇರುವುದು; ಕ್ಯಾನನ್‌ನವರು ಇದನ್ನು ಸರ್ವೋ ಎನ್ನುತ್ತಾರೆ). ಸಬ್ಜೆಕ್ಟ್ ಡಿಟೆಕ್ಷನ್‌ನಲ್ಲಿ (ಕ್ಯಾಮೆರಾ ಏನನ್ನು ಗುರುತಿಸಬೇಕು ಎನ್ನುವ ಸೆಟ್ಟಿಂಗ್) ಹಕ್ಕಿ. ಪ್ರತ್ಯೇಕ ಹಕ್ಕಿ ಮೋಡ್ ಇದ್ದರೆ ಅದನ್ನೇ ಆರಿಸಿ, ಎಲ್ಲವನ್ನೂ ತಾನೇ ಗುರುತಿಸುವ ಆಟೋ ಬೇಡ. ಝಡ್9ಕ್ಕೆ ಪ್ರತ್ಯೇಕ ಹಕ್ಕಿ ಮೋಡ್ ಬಂದದ್ದು 2023ರ ಫರ್ಮ್‌ವೇರ್‌ನಲ್ಲಿ. ಆದ್ದರಿಂದ ಫರ್ಮ್‌ವೇರ್ ಅಪ್‌ಡೇಟ್ ಮಾಡದೆ ಕ್ಯಾಮೆರಾ ಬೈಯಬೇಡಿ.

ಮೆಮೊರಿ ಕಾರ್ಡಿನ ಬಗ್ಗೆ ಎರಡು ಮಾತು. 45 ಮೆಗಾಪಿಕ್ಸೆಲ್‌ನ ಒಂದು ಲಾಸ್‌ಲೆಸ್ (ವಿವರ ಕಳೆಯದ) ರಾ ಫೈಲ್, ಅಂದರೆ ಸೆನ್ಸರ್ ಕಂಡದ್ದರ ಮೂಲ ದಾಖಲೆ, 50 ಎಂಬಿ ಆಸುಪಾಸು. ಸೆಕೆಂಡಿಗೆ 20 ತೆಗೆದರೆ ಒಂದು ಜಿಬಿ. ಎಸ್‌ಡಿ ಯುಎಚ್‌ಎಸ್-2 ಕಾರ್ಡಿನ ದಾರಿಯೇ ಸೆಕೆಂಡಿಗೆ 312 ಎಂಬಿಗಿಂತ ಅಗಲವಿಲ್ಲ. ಅದಕ್ಕೇ ಇನ್ನೂ ವೇಗದ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡು ಬೇಕು. ಅದರಲ್ಲೂ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ವೇಗ ನೋಡಿ ಮೋಸಹೋಗಬೇಡಿ, ಅದು ಒಂದೆರಡು ಕ್ಷಣದ ಓಟ. ವಿಪಿಜಿ400 ಎಂಬ ಗುರುತಿದ್ದರೆ ಕಾರ್ಡು ಎಡೆಬಿಡದೆ ಸೆಕೆಂಡಿಗೆ ಕನಿಷ್ಠ 400 ಎಂಬಿ ಬರೆಯುತ್ತದೆ ಎಂದರ್ಥ. ಸ್ವಲ್ಪ ವಿವರ ಬಿಟ್ಟು ಕುಗ್ಗಿಸುವ ಕಂಪ್ರೆಸ್ಡ್ ರಾ ಬಳಸಿದರೆ ಫೈಲ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಕ್ಕಿಯ ಗರಿಯಲ್ಲಿ ಅದರಿಂದಾದ ನಷ್ಟವನ್ನು ನನ್ನ ಕಣ್ಣಿಗಂತೂ ಕಂಡುಹಿಡಿಯಲಾಗಿಲ್ಲ.

ಬ್ಯಾಟರಿ ಎರಡಾದರೂ ಇರಲಿ. ಮಿರರ್‌ಲೆಸ್‌ನಲ್ಲಿ ನೋಡುವುದಕ್ಕೂ ಕರೆಂಟು ಬೇಕು.

3. ಎರಡು ಗುಂಡಿ, ಎರಡು ಬುದ್ಧಿ

ಇಡೀ ಬರಹದಲ್ಲಿ ಒಂದನ್ನೇ ಓದುವುದಿದ್ದರೆ ಇದನ್ನು ಓದಿ.

ಶಟರ್ ಗುಂಡಿಯಿಂದ ಫೋಕಸ್ ಬಿಡಿಸಿ, ಹಿಂಬದಿಯ ಎಎಫ್ (ಆಟೋಫೋಕಸ್) ಗುಂಡಿಗೆ ಹಾಕಿ. ಇದು ಹಳೆಯ ಬ್ಯಾಕ್ ಬಟನ್ ಪದ್ಧತಿಯೇ. ಹೊಸದೇನೆಂದರೆ ಪಕ್ಕದಲ್ಲಿ ಇನ್ನೊಂದು ಗುಂಡಿಗೆ ಬೇರೆಯದೇ ಬುದ್ಧಿ ಕೊಡಬಹುದು. ಮೊದಲ ಗುಂಡಿ: ದೊಡ್ಡ ಏರಿಯಾ ಅಥವಾ ಇಡೀ ಫ್ರೇಮ್, ಕಣ್ಣು ಹುಡುಕುವ ಡಿಟೆಕ್ಷನ್ ಸಮೇತ. ಎರಡನೇ ಗುಂಡಿ: ಅತಿ ಚಿಕ್ಕ ಒಂದೇ ಚುಕ್ಕಿ, ಸಾಧ್ಯವಾದರೆ ಡಿಟೆಕ್ಷನ್ ಇಲ್ಲದೆ.

ಯಾಕೆ ಎರಡು? ತೆರೆದ ಆಕಾಶದಲ್ಲಿ ಹದ್ದು ತೇಲುತ್ತಿದ್ದರೆ ಮೊದಲ ಗುಂಡಿ ಒತ್ತಿ ಹಿಡಿದರಾಯಿತು. ಅದೇ ಹದ್ದು ಪೊದೆಯ ಒಳಗೆ ಕೂತಿದೆ ಎನ್ನಿ. ಮುಂದೆ ಹತ್ತು ಕಡ್ಡಿ, ಹಿಂದೆ ಬಿಸಿಲು ಬಿದ್ದ ಎಲೆ. ಕ್ಯಾಮೆರಾ ಒಂದು ಒಣಗಿದ ಎಲೆಯ ತೂತನ್ನೇ ಕಣ್ಣೆಂದು ನಂಬಿ ಭಕ್ತಿಯಿಂದ ಚೌಕ ಕೂರಿಸುತ್ತದೆ. ಆಗ ಚಿಕ್ಕ ಚುಕ್ಕಿಯನ್ನು ಹಕ್ಕಿಯ ಎದೆಯ ಮೇಲೋ ಕತ್ತಿನ ಮೇಲೋ ಇಟ್ಟು ಎರಡನೇ ಗುಂಡಿ ಒತ್ತಿ. ಹಕ್ಕಿ ಫೋಕಸ್‌ಗೆ ಬಂದ ಕೂಡಲೇ ಹೆಬ್ಬೆರಳನ್ನು ಮೊದಲ ಗುಂಡಿಗೆ ಜಾರಿಸಿ. ಈಗ ಕ್ಯಾಮೆರಾಗೆ ಹಕ್ಕಿಯ ಆಕಾರ ಸ್ಪಷ್ಟವಾಗಿ ಕಾಣುತ್ತಿದೆ, ಕಣ್ಣನ್ನು ತಾನೇ ಹಿಡಿಯುತ್ತದೆ. ಈ ಜಾರಿಸುವ ಅಭ್ಯಾಸ ಕೈಗೆ ಬರಲು ಒಂದು ವಾರ ಬೇಕು. ಅಂಗಳದ ಕಾಗೆಯ ಮೇಲೆ ಮಾಡಿ. ಕಾಗೆಯ ಕಪ್ಪು ಮೈಯಲ್ಲಿ ಕಪ್ಪು ಕಣ್ಣು ಹುಡುಕುವುದು ಕ್ಯಾಮೆರಾಗೂ ಕಷ್ಟದ ಪರೀಕ್ಷೆ.

ಇನ್ನೊಂದು ರೋಗ ಎಲ್ಲ ಮಿರರ್‌ಲೆಸ್‌ಗೂ ಒಂದಷ್ಟು ಇದೆ. ಲೆನ್ಸ್ ಫೋಕಸ್ ದೂರದಲ್ಲೆಲ್ಲೋ ನಿಂತಿದ್ದಾಗ ಹತ್ತಿರದ ಹಕ್ಕಿ ಸೆನ್ಸರಿನ ಮೇಲೆ ಬರೀ ಒಂದು ಬಣ್ಣದ ಮಂಜು. ಡಿಟೆಕ್ಷನ್‌ಗೆ ಅಲ್ಲಿ ಹಕ್ಕಿಯೇ ಕಾಣಿಸುವುದಿಲ್ಲ, ಹಿನ್ನೆಲೆಗೇ ಅಂಟಿಕೊಂಡು ಕೂರುತ್ತದೆ. ನೀವು ಗುಂಡಿ ಎಷ್ಟು ಸಲ ಒತ್ತಿದರೂ ಹಿಂದಿನ ಮರವೇ ಚೆನ್ನಾಗಿ ಬರುತ್ತದೆ. ಮದ್ದು ಸುಲಭ. ಹಕ್ಕಿ ಬರಬಹುದಾದಷ್ಟೇ ದೂರದಲ್ಲಿರುವ ಒಂದು ಕಲ್ಲಿಗೋ ಹುಲ್ಲಿಗೋ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳಿ. ಆಗಲೂ ಅಂಟಿಕೊಂಡರೆ ಫೋಕಸ್ ರಿಂಗನ್ನು ಕೈಯಲ್ಲೇ ಹತ್ತಿರಕ್ಕೆ ಎಳೆದು ಮತ್ತೆ ಗುಂಡಿ ಒತ್ತಿ. ಲೆನ್ಸ್ ಮೇಲಿನ, ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಲಿಮಿಟರ್ ಸ್ವಿಚ್ಚನ್ನೂ ಬಳಸಿ. ಹಕ್ಕಿ 10 ಮೀಟರ್ ಒಳಗೆ ಬರುವುದೇ ಇಲ್ಲ ಎಂದಾದರೆ ಲೆನ್ಸ್ ಅಷ್ಟು ಹತ್ತಿರಕ್ಕೆ ಹೋಗಿ ಬರುವ ಪ್ರಯಾಣ ವ್ಯರ್ಥ.

ಟ್ರ್ಯಾಕಿಂಗ್ ಸೆನ್ಸಿಟಿವಿಟಿಯನ್ನು (ಅಡ್ಡ ಬಂದದ್ದಕ್ಕೆ ಫೋಕಸ್ ಎಷ್ಟು ಬೇಗ ಜಿಗಿಯಬೇಕು ಎನ್ನುವುದು) ನಡುವಿನ ಅಂಕಿಯಲ್ಲೇ ಬಿಡಿ. ಅದರ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವವರಿದ್ದಾರೆ. ಹುಲ್ಲು ಅಡ್ಡ ಬರುವ ಜಾಗದಲ್ಲಿ ಒಂದು ಹೆಜ್ಜೆ ನಿಧಾನಕ್ಕಿಳಿಸುವುದು ಬಿಟ್ಟರೆ ನಾನು ಅದನ್ನು ಮುಟ್ಟುವುದಿಲ್ಲ.

4. ಬೆಳಕಿನ ಲೆಕ್ಕ

ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಬಗ್ಗೆ ಹೆಚ್ಚು ಯೋಚಿಸಬೇಡಿ. 600 ಮಿ.ಮೀ. ಲೆನ್ಸ್, ಎಫ್/6.3, ಹಕ್ಕಿ 10 ಮೀಟರ್ ದೂರ ಎಂದರೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಶಾರ್ಪ್ ಆಗಿ ಕಾಣುವ ಆಳ ಒಟ್ಟು ಹತ್ತು ಸೆಂಟಿಮೀಟರ್ ಅಷ್ಟೆ. 5 ಮೀಟರಿಗೆ ಬಂದರೆ ಎರಡೂವರೆ. ಕಣ್ಣು ಶಾರ್ಪ್, ಬಾಲ ಮಸುಕು ಎಂದು ಲೆನ್ಸ್ ಮೇಲೆ ಅನುಮಾನ ಪಡುವ ಮೊದಲು ಈ ಲೆಕ್ಕ ನೆನಪಿರಲಿ. ಹಕ್ಕಿ ಅಡ್ಡಡ್ಡಲಾಗಿ ಕೂತಾಗ ತೆಗೆದರೆ ಮೈಯೆಲ್ಲ ಒಂದೇ ದೂರದಲ್ಲಿರುತ್ತದೆ, ಅಪರ್ಚರ್ ತೆರೆದೇ ಇಡಬಹುದು.

ಶಟರ್ ಸ್ಪೀಡಿಗೆ ನನ್ನ ಅಂದಾಜು: ಕೂತ ಹಕ್ಕಿಗೆ 1/500, ಕೊಕ್ಕರೆ, ಹದ್ದಿನಂಥ ದೊಡ್ಡ ಹಕ್ಕಿ ಹಾರುವಾಗ 1/1600, ಚಿಕ್ಕವು ಹಾರುವಾಗ 1/3200 ಅಥವಾ ಮೇಲೆ. ನಸುಕಿನಲ್ಲಿ ಗೂಬೆ ಅಲ್ಲಾಡದೆ ಕೂತಿದ್ದರೆ 1/100ಕ್ಕೂ ಇಳಿಯಬಹುದು. ಸ್ಟೆಬಿಲೈಸೇಷನ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ. ಇಪ್ಪತ್ತು ತೆಗೆದರೆ ಗೂಬೆ ಉಸಿರು ಹಿಡಿದ ಐದು ಸಿಕ್ಕೇ ಸಿಗುತ್ತವೆ. ನಾನು 1/2000, 1/1000, 1/500, 1/250 ಹೀಗೆ ಇಳಿಯುತ್ತಾ ಹೋಗುತ್ತೇನೆ. ಮೊದಲು ಒಂದು ಖಾತ್ರಿ ಫೋಟೊ, ಆಮೇಲೆ ಕಡಿಮೆ ಐಎಸ್‌ಒದ ಚೊಕ್ಕ ಫೋಟೊ.

ಮ್ಯಾನ್ಯುಯಲ್ ಮೋಡಿನಲ್ಲಿ ಶಟರ್, ಅಪರ್ಚರ್ ನೀವು ಹಿಡಿದುಕೊಂಡು ಐಎಸ್‌ಒ ಆಟೋಗೆ ಬಿಡುವುದು ಈಗ ಎಲ್ಲರ ಪದ್ಧತಿ. ಮೋಡ ಬಂದು ಹೋಗುವ ದಿನ, ಪ್ರಾಣಿ ನೆರಳಿನಿಂದ ಬಿಸಿಲಿಗೆ ನಡೆಯುವಾಗ ಅದು ಸರಿ. ಆದರೆ ಬಿಸಿಲು ಸ್ಥಿರವಾಗಿರುವ ಬೆಳಗ್ಗೆ ಬೆಳ್ಳಕ್ಕಿಯೊಂದು ನೀರಿನ ಮೇಲಿಂದ ಎದ್ದು ಕಪ್ಪು ಮರಗಳ ಮುಂದೆ ಹಾದು ಆಕಾಶಕ್ಕೇರುತ್ತದೆ ಎನ್ನಿ. ಹಕ್ಕಿಯ ಮೇಲೆ ಬಿದ್ದ ಬೆಳಕು ಒಂದಿಷ್ಟೂ ಬದಲಾಗಿಲ್ಲ. ಬದಲಾದದ್ದು ಹಿನ್ನೆಲೆ. ಆಟೋ ಐಎಸ್‌ಒ ಮಾತ್ರ ಮರದ ಮುಂದೆ ಏರಿ ಹಕ್ಕಿಯನ್ನು ಸುಣ್ಣ ಬಳಿದಂತೆ ಮಾಡುತ್ತದೆ, ಆಕಾಶದ ಮುಂದೆ ಇಳಿದು ಮಸಿ ಮಾಡುತ್ತದೆ. ಇಂಥಲ್ಲಿ ಐಎಸ್‌ಒವನ್ನೂ ಕಟ್ಟಿಹಾಕಿ. ಕೂತ ಬೆಳ್ಳಕ್ಕಿಯ ಬಿಳಿ ಗರಿಯಲ್ಲಿ ಜೀಬ್ರಾ ಗೆರೆ (ಬೆಳಕು ಅತಿಯಾದಲ್ಲಿ ವ್ಯೂಫೈಂಡರಿನಲ್ಲಿ ಮೂಡುವ ಪಟ್ಟೆ) ಈಗಷ್ಟೇ ಮಾಯವಾಗುವ ಮಟ್ಟಕ್ಕೆ ಎಕ್ಸ್‌ಪೋಷರ್ ತಂದು ನಿಲ್ಲಿಸಿ, ಮತ್ತೆ ಹತ್ತು ನಿಮಿಷ ಮುಟ್ಟಬೇಡಿ. ಜೀಬ್ರಾ ಇಲ್ಲದ ಕ್ಯಾಮೆರಾದಲ್ಲಿ ಹಿಸ್ಟೋಗ್ರಾಂ (ಚಿತ್ರದ ಕಪ್ಪು ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ಬಲತುದಿ ನೋಡಿ.

ಆಟೋದಲ್ಲೇ ಇರುತ್ತೀರಾದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾದ ಬೆಳಕಿನ ಲೆಕ್ಕವನ್ನು ತಿದ್ದುವುದು) ಒಂದು ಡಯಲಿಗೆ ಕಟ್ಟಿಕೊಳ್ಳಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಹಕ್ಕಿಗೆ ಒಂದು ಸ್ಟಾಪ್ ಕಡಿಮೆ (ಅಂದರೆ ಅರ್ಧ ಬೆಳಕು), ಬಿಳಿ ಆಕಾಶದೆದುರು ಹಾರುವ ಹಕ್ಕಿಗೆ ಒಂದರಿಂದ ಎರಡು ಸ್ಟಾಪ್ ಹೆಚ್ಚು. ವ್ಯೂಫೈಂಡರಿನಲ್ಲಿ ಫಲಿತಾಂಶ ಒತ್ತುವ ಮೊದಲೇ ಕಾಣುವುದು ಮಿರರ್‌ಲೆಸ್ ಕೊಟ್ಟ ವರ. ಆದರೆ ವ್ಯೂಫೈಂಡರಿನ ಬ್ರೈಟ್‌ನೆಸ್ಸನ್ನು ನೀವೇ ಏರಿಸಿಟ್ಟಿದ್ದರೆ ಅದು ಸುಳ್ಳು ಹೇಳುತ್ತದೆ.

ಐಎಸ್‌ಒ 6400 ಎಂದರೆ ಹೆದರುವ ಕಾಲ ಹೋಯಿತು. ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ತೆಗೆಯುವ ಸಾಫ್ಟ್‌ವೇರ್ ಅದನ್ನು ನೋಡಿಕೊಳ್ಳುತ್ತದೆ. ಅಲುಗಿದ ಕಣ್ಣನ್ನು ಯಾವ ಸಾಫ್ಟ್‌ವೇರೂ ನಿಜವಾಗಿ ಸರಿಮಾಡುವುದಿಲ್ಲ.

5. ಒತ್ತುವ ಮೊದಲೇ ತೆಗೆಯುವುದು

ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಮಿಂಚುಳ್ಳಿಗೆ ಕೊಂಬೆ ಬಿಡಲು ಅಷ್ಟು ಹೊತ್ತು ಧಾರಾಳವಾಯಿತು. ವರ್ಷಗಟ್ಟಲೆ ಖಾಲಿ ಕೊಂಬೆಯ ಫೋಟೊ ತೆಗೆದವರಿಗೆ ಗೊತ್ತು.

ಪ್ರಿ-ಕ್ಯಾಪ್ಚರ್ ಇದಕ್ಕೆ ಹುಟ್ಟಿದ್ದು. ಗುಂಡಿ ಅರ್ಧ ಒತ್ತಿ ಹಿಡಿದಷ್ಟು ಹೊತ್ತೂ ಕ್ಯಾಮೆರಾ ಚಿತ್ರ ತೆಗೆಯುತ್ತಾ, ಹಳೆಯದನ್ನು ಎಸೆಯುತ್ತಾ ಇರುತ್ತದೆ. ಪೂರ್ತಿ ಒತ್ತಿದ ಕ್ಷಣಕ್ಕೆ ಹಿಂದಿನ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಕಾರ್ಡಿಗೆ ಬರುತ್ತದೆ. ಒಲಿಂಪಸ್ 2016ರಲ್ಲೇ ತನ್ನ ಇ-ಎಂ1 ಮಾರ್ಕ್ 2ರಲ್ಲಿ ಪ್ರೊ ಕ್ಯಾಪ್ಚರ್ ಹೆಸರಿನಲ್ಲಿ ಇದನ್ನು ಕೊಟ್ಟಿತ್ತು. ಝಡ್9ಕ್ಕೆ 2022ರಲ್ಲಿ ಬಂದಾಗ ಜೆಪೆಗ್‌ಗಷ್ಟೇ ಸೀಮಿತವಾಗಿತ್ತು. ಸೋನಿ ಎ9 ಮಾರ್ಕ್ 3, ಕ್ಯಾನನ್ ಆರ್5 ಮಾರ್ಕ್ 2ರಲ್ಲಿ ರಾ ಫೈಲೇ ಸಿಗುತ್ತದೆ.

ಮಿಂಚುಳ್ಳಿಯ ಉದಾಹರಣೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಕೊಂಬೆಯ ಮೇಲೆ ಅದು ಬಂದು ಕೂತಾಗ ಮಾಡಬೇಕಾದ ಮೊದಲ ಕೆಲಸ ಏನೂ ಮಾಡದಿರುವುದು. ಗರಿ ಉಬ್ಬಿಸಿ ಮುದ್ದೆಯಾಗಿ ಕೂತಿದ್ದರೆ ಸದ್ಯಕ್ಕೆ ಹಾರುವುದಿಲ್ಲ. ಅರ್ಧ ಒತ್ತಿ ಹಿಡಿದು ಕಾದರೆ ಬ್ಯಾಟರಿ ಇಳಿಯುತ್ತದೆ, ಕ್ಯಾಮೆರಾ ಬಿಸಿಯಾಗುತ್ತದೆ, ಬೆರಳು ಸೋಲುತ್ತದೆ. ಸ್ವಲ್ಪ ಹೊತ್ತಿಗೆ ತಲೆ ಮೇಲೆ ಕೆಳಗೆ ಆಡಿಸಲು ಶುರುಮಾಡುತ್ತದೆ, ನೀರಿನೊಳಗಿನ ಮೀನಿನ ದೂರ ಅಳೆಯುತ್ತಿದೆ. ಈಗ ಅರ್ಧ ಒತ್ತಿ. ಗರಿಗಳು ಮೈಗಂಟಿ ಹಕ್ಕಿ ತೆಳ್ಳಗಾಗುತ್ತದೆ, ಮೈ ಮುಂದಕ್ಕೆ ವಾಲುತ್ತದೆ. ಎಷ್ಟೋ ಸಲ ಹಾರುವ ಮುನ್ನ ಹಿಕ್ಕೆ ಹಾಕಿ ಹಗುರಾಗುತ್ತದೆ. ಇಷ್ಟು ಕಂಡ ಮೇಲೆ ಅದು ಜಿಗಿಯುತ್ತದೆ, ನೀವು ತಡವಾಗಿ ಒತ್ತುತ್ತೀರಿ, ತೊಂದರೆಯಿಲ್ಲ. ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ಹಿಂದಿನ ಅರ್ಧ ಸೆಕೆಂಡಿನ 15 ಚಿತ್ರ ಕಾರ್ಡಿನಲ್ಲಿವೆ.

ಫ್ರೇಮಿನಲ್ಲಿ ಹಕ್ಕಿಯನ್ನು ನಡುವೆ ಇಡಬೇಡಿ. ಹಾರುವ ದಿಕ್ಕಿಗೆ ಎರಡು ರೆಕ್ಕೆಯಷ್ಟಾದರೂ ಜಾಗ ಬಿಡಿ, ಝೂಮ್ ಸ್ವಲ್ಪ ಹಿಂದಕ್ಕೆ ತನ್ನಿ. ಪ್ರಿ-ಕ್ಯಾಪ್ಚರ್‌ನ ಮೊದಲ ದಿನಗಳಲ್ಲಿ ನನಗೆ ಸಿಕ್ಕಿದ್ದೆಲ್ಲ ರೆಕ್ಕೆ ತುಂಡಾದ ಅದ್ಭುತ ಕ್ಷಣಗಳು. ಕೆಲಸ ಮುಗಿದ ಮೇಲೆ ಈ ಮೋಡ್ ಆಫ್ ಮಾಡಿ, ಇಲ್ಲವಾದರೆ ಮನೆಗೆ ಬಂದು ಹುಲ್ಲಿನ ಸಾವಿರ ಚಿತ್ರ ಅಳಿಸುತ್ತಾ ಕೂರಬೇಕು.

6. ಹೊರಗೆ

ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ನೀರಂಚಿನ ಹಕ್ಕಿಗೆ ಅಂದರೆ ಅಕ್ಷರಶಃ ಕೆಸರಿನಲ್ಲಿ ಮಲಗುವುದು. ಮಡಚುವ ಸ್ಕ್ರೀನ್ ಇರುವುದರಿಂದ ಕ್ಯಾಮೆರಾ ಮಾತ್ರ ನೆಲಕ್ಕಿಟ್ಟರೂ ಆದೀತು. ಇಳಿದಷ್ಟೂ ಹಿನ್ನೆಲೆ ದೂರವಾಗಿ ಕರಗುತ್ತದೆ. ಎಫ್/4 ಲೆನ್ಸ್ ಕೊಳ್ಳುವುದಕ್ಕಿಂತ ಇದು ಅಗ್ಗ.

ದೂರ ಹೆಚ್ಚಾಯಿತೆಂದು ಕ್ರಾಪ್ ಮೋಡ್ (ಸೆನ್ಸರಿನ ನಡುಭಾಗವನ್ನಷ್ಟೇ ಬಳಸುವುದು) ಹಾಕಿದರೆ 45 ಮೆಗಾಪಿಕ್ಸೆಲ್ ಸುಮಾರು 19ಕ್ಕೆ ಇಳಿಯುತ್ತದೆ. ಅಷ್ಟು ಸಾಕು, ಆದರೆ ಅದನ್ನು ಮನೆಯಲ್ಲೂ ಮಾಡಬಹುದು. ಹಕ್ಕಿಯನ್ನು 1.4 ಪಟ್ಟು ದೊಡ್ಡದಾಗಿ ತೋರಿಸುವ ಟೆಲಿಕನ್ವರ್ಟರ್ ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, 2 ಪಟ್ಟಿನದು ಎರಡು ಸ್ಟಾಪ್. ಎಫ್/6.3 ಝೂಮ್‌ಗೆ ಎರಡನೆಯದನ್ನು ಹಾಕುವುದು ನನ್ನ ಮಟ್ಟಿಗೆ ಹಠ.

ಬಿಸಿಲೇರಿದ ಮೇಲೆ ನೆಲದಿಂದೇಳುವ ಬಿಸಿಗಾಳಿಯ ಅಲೆಗೆ ಮದ್ದಿಲ್ಲ. ಫೋಕಸ್ ತಪ್ಪಿದಂತೆ ಕಾಣುವ ಎಷ್ಟೋ ಚಿತ್ರ ನಿಜಕ್ಕೂ ಗಾಳಿಯ ತಪ್ಪು. ಕಾರಿನ ಕಿಟಕಿಯಿಂದ ತೆಗೆಯುವಾಗ ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಬಿಸಿ ವ್ಯತ್ಯಾಸವಿದ್ದರೆ ಕಿಟಕಿಯಲ್ಲೇ ಅಲೆ ಏಳುತ್ತದೆ. ಎಂಜಿನ್, ಎಸಿ ಎರಡೂ ಆಫ್ ಮಾಡಿ ಸ್ವಲ್ಪ ಕಾಯಿರಿ. ಉದ್ದ ಲೆನ್ಸನ್ನು ಸೂರ್ಯನತ್ತ ಮುಖಮಾಡಿ ಮಡಿಲಲ್ಲಿಟ್ಟುಕೊಳ್ಳಬೇಡಿ. ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ಬಿಸಿಲು ನೇರ ಸೆನ್ಸರಿನ ಮೇಲೆ ಬಂದು ಸುಡಬಹುದು. ಕ್ಯಾಪ್ ಹಾಕಿ.

ದೊಡ್ಡ ಪ್ರಾಣಿಗಳ ವಿಷಯ ಬೇರೆ. ಅಲ್ಲಿ ವೇಗಕ್ಕಿಂತ ಮಬ್ಬು ಬೆಳಕು ಕಾಡುತ್ತದೆ. ಡಿಟೆಕ್ಷನ್ ಪ್ರಾಣಿಗೆ ಬದಲಿಸಿ. ಗುಂಪಿದ್ದರೆ ಕ್ಯಾಮೆರಾ ಹತ್ತಿರದ ಮುಖ ಹಿಡಿಯುವುದೇ ಹೆಚ್ಚು, ನಿಮಗೆ ಬೇಕಾದದ್ದು ಹಿಂದಿನ ಮರಿಯಾದರೆ ಮತ್ತೆ ಚಿಕ್ಕ ಚುಕ್ಕಿಗೇ ಬನ್ನಿ. ಎರಡು ಮುಖ ಶಾರ್ಪ್ ಬೇಕಾದರೆ ಎಫ್/8 ಅಥವಾ 11.

ಸದ್ದಿಲ್ಲದ ಶಟರ್ ಇದೆಯೆಂದು ಗೂಡಿನ ಹತ್ತಿರ ಹೋಗಬೇಡಿ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಹಕ್ಕಿ ತಿನ್ನುವುದು ನಿಲ್ಲಿಸಿ ನಿಮ್ಮನ್ನೇ ನೋಡತೊಡಗಿತು, ಒಂದೇ ಸಮನೆ ಎಚ್ಚರಿಕೆಯ ಕೂಗು ಹಾಕಿತು, ಬಾಯಲ್ಲಿ ಹುಳ ಹಿಡಿದೂ ಗೂಡಿಗೆ ಹೋಗದೆ ಕೊಂಬೆಯಿಂದ ಕೊಂಬೆಗೆ ಹಾರಾಡಿತು ಎಂದರೆ ನೀವು ಆಗಲೇ ಹತ್ತು ಹೆಜ್ಜೆ ಹೆಚ್ಚು ಮುಂದೆ ಬಂದಿದ್ದೀರಿ. ಬಂದ ದಾರಿಯಲ್ಲೇ ಮೆಲ್ಲಗೆ ಹಿಂದೆ ಸರಿಯಿರಿ.

7. ಮೂರು ಸಾವಿರ ಚಿತ್ರ, ಮೂವತ್ತು ಉಳಿಯಬೇಕು

ಬರ್ಸ್ಟ್ ವೇಗ (ಸೆಕೆಂಡಿಗೆ ಒಂದರ ಹಿಂದೊಂದು ತೆಗೆಯುವ ಚಿತ್ರಗಳ ಸಂಖ್ಯೆ) ಎಷ್ಟಿದ್ದರೂ ಅಷ್ಟನ್ನೂ ಬಳಸಬೇಕೆಂದೇನಿಲ್ಲ. ನಡೆಯುವ ಪ್ರಾಣಿಗೆ 10, ಹಾರಾಟಕ್ಕೆ 20, ನೀರಿಗೆ ಧುಮುಕುವಂಥದ್ದಕ್ಕೆ ಮಾತ್ರ ಪೂರ್ತಿ ವೇಗ. ಇಲ್ಲೂ ಒಂದು ಗುಂಡಿಗೆ ವೇಗದ ಬದಲಾವಣೆ ಕಟ್ಟಿಡಬಹುದು.

ಆಯ್ಕೆಯನ್ನು ಎರಡು ಸುತ್ತಿನಲ್ಲಿ ಮಾಡಿ. ಮೊದಲ ಸುತ್ತಿನಲ್ಲಿ ಚಿತ್ರ ದೊಡ್ಡದು ಮಾಡಬೇಡಿ, ರೆಕ್ಕೆಯ ಭಂಗಿ, ತಲೆಯ ತಿರುವು, ಹಿನ್ನೆಲೆ ಮಾತ್ರ ನೋಡಿ. ಎರಡನೇ ಸುತ್ತಿನಲ್ಲಿ ಉಳಿದವನ್ನು ಶೇ. 100ಕ್ಕೆ ತಂದು ಕಣ್ಣು ನೋಡಿ. ಉಲ್ಟಾ ಮಾಡಿದರೆ ಶಾರ್ಪ್ ಆಗಿರುವ ಸಪ್ಪೆ ಚಿತ್ರಗಳ ರಾಶಿ ಉಳಿಯುತ್ತದೆ, ನನ್ನ ಹಳೆಯ ಹಾರ್ಡ್‌ಡಿಸ್ಕ್‌ಗಳ ತುಂಬ ಇರುವುದು ಅವೇ. ಉಳಿದದ್ದು ಎರಡು ಕಡೆ ಕಾಪಿಯಾಗಿದೆಯೆಂದು ಕಣ್ಣಾರೆ ನೋಡಿದ ಮೇಲೆಯೇ ಕಾರ್ಡನ್ನು ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ. ಹಾಗೆಯೇ ಶಟರ್, ಐಎಸ್‌ಒ, ಕಾಂಪೆನ್ಸೇಷನ್ ಮೂರನ್ನೂ ನಾಳೆಯ ನಸುಕಿನ ಲೆಕ್ಕಕ್ಕೆ ತಂದಿಡಿ. ಇಂದಿನ ಮಧ್ಯಾಹ್ನದ 1/3200 ನಾಳೆ ಬೆಳಗ್ಗೆ ಐದೂವರೆಗೆ ಗೂಬೆಯ ಮುಂದೆ ನೆನಪಾಗುವಂತಾಗಬಾರದು.